ಫ್ಲಾರಿಡಾದ ಡಿಸ್ನಿ ವರ್ಲ್ಡ್ ರೆಸಾರ್ಟಿನಲ್ಲಿ ಇಬ್ಬರ ರಜೆ: ಒಬ್ಬರಿಗೆ ದೃಷ್ಟಿ ಮಂದವಿದ್ದಾಗ ಸಿದ್ಧವಾಗುವ ಬಗೆ

ಅಮೆರಿಕದ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗೋಣವೆಂದು ಮನೆಯಲ್ಲಿ ಮಾತು ಎದ್ದ ಕೂಡಲೇ, ದೃಷ್ಟಿ ಮಂದವಿರುವ ಗಂಡನೋ ಹೆಂಡತಿಯೋ ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ: 'ಅದು ನೋಡುವ ಜಾಗ, ನಾನು ಬಂದು ಏನು ಮಾಡಲಿ?' ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ಅಲ್ಲಿ ಕಣ್ಣಿಗಾಗಿ ಕಟ್ಟಿದ್ದು ಬಹಳವಿದೆ. ಆದರೆ ಮೇಲಿನಿಂದ ಬೀಳುವ, ಗಾಳಿಯಲ್ಲಿ ತೇಲುವ, ನೀರಿನಲ್ಲಿ ತೊಯ್ಯುವ, ಮೂಗಿಗೆ ಬಡಿಯುವ, ಸುಮ್ಮನೆ ಕುಳಿತು ಕೇಳುವ ಸಂಗತಿಗಳೂ ಕಡಿಮೆಯಿಲ್ಲ. ಯಾವುದನ್ನು ಆರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇಬ್ಬರೂ ಮೊದಲೇ ಕುಳಿತು ತೀರ್ಮಾನಿಸಬೇಕು. ಕಣ್ಣು ಚೆನ್ನಾಗಿರುವವರು ಮಾತ್ರ ಯೋಜನೆ ಹಾಕಿ, ಇನ್ನೊಬ್ಬರನ್ನು ಸಾಮಾನಿನಂತೆ ಜೊತೆಗೆ ಒಯ್ದರೆ, ಮೂರನೆಯ ದಿನದ ಹೊತ್ತಿಗೆ ಒಬ್ಬರಿಗೆ ದಣಿವು, ಇನ್ನೊಬ್ಬರಿಗೆ ಸಂಕೋಚ ಉಳಿಯುತ್ತದೆ.

1971ರ ಅಕ್ಟೋಬರ್ 1ರಂದು ತೆರೆದ ಈ ಜಾಗ ಸುಮಾರು 40 ಚದರ ಮೈಲಿ, ಅಂದರೆ ನೂರು ಚದರ ಕಿಲೋಮೀಟರಿಗೂ ಮಿಗಿಲಾದ ವಿಸ್ತಾರದ್ದು. ಅದರೊಳಗೆ ಮ್ಯಾಜಿಕ್ ಕಿಂಗ್‌ಡಮ್, 1982ರಲ್ಲಿ ಬಂದ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪಾರ್ಕುಗಳು, ಎರಡು ಜಲ ಉದ್ಯಾನಗಳು ಮತ್ತು ಹತ್ತಾರು ರೆಸಾರ್ಟ್ ಹೋಟೆಲುಗಳಿವೆ. ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಬಹುಮಟ್ಟಿಗೆ ಬಸ್ಸು, ಮಾನೋರೈಲು, ದೋಣಿ ಅಥವಾ ಕೇಬಲ್ ಕಾರಿನಲ್ಲೇ ಹೋಗಬೇಕಾದ್ದರಿಂದ ಇದನ್ನು ಒಂದು ಪಾರ್ಕೆಂದು ಎಣಿಸದೆ ಒಂದು ಪಟ್ಟಣವೆಂದು ಎಣಿಸಿಯೇ ಯೋಜನೆ ಹಾಕಬೇಕು.

ಹಂತ 1: ಕಣ್ಣಿನ ವೈದ್ಯರೊಂದಿಗೆ ಮಾತು

ಟಿಕೆಟ್ ನೋಡುವುದಕ್ಕಿಂತ ಮೊದಲು ಈ ಕೆಲಸವಾಗಬೇಕು. ಅಕ್ಷಿಪಟಲ (ರೆಟಿನಾ) ಕಳಚಿದ ಚರಿತ್ರೆಯಿರುವವರು, ತೀವ್ರ ಸಮೀಪದೃಷ್ಟಿಯವರು ಮತ್ತು ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವೇಗವಾಗಿ ಜಗ್ಗುವ, ಬೀಳಿಸುವ ರೈಡುಗಳಲ್ಲಿ ಕೂರಬಹುದೇ ಎಂದು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಬೇಕು. ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿದ್ದರೆ ಅದು ಪೂರ್ತಿ ಕರಗುವ ತನಕ ವಿಮಾನ ಹತ್ತುವಂತೆಯೇ ಇಲ್ಲ. ಎತ್ತರದಲ್ಲಿ ಆ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಗ್ಲಾಕೋಮಾದ ಹನಿ ಹಾಕಿಕೊಳ್ಳುವವರು ಹೊಸ ವೇಳಾಪಟ್ಟಿಯನ್ನು ವೈದ್ಯರಿಂದಲೇ ಬರೆಸಿಕೊಳ್ಳಲಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿರುತ್ತದೆ.

ದೃಷ್ಟಿದೋಷ ಎಂಬ ಒಂದೇ ಪದದ ಅಡಿಯಲ್ಲಿ ಬಹಳ ಬೇರೆ ಬೇರೆ ಅನುಭವಗಳಿವೆ ಎಂಬುದನ್ನೂ ಇದೇ ಹಂತದಲ್ಲಿ ಲೆಕ್ಕಕ್ಕೆ ತಂದುಕೊಳ್ಳಬೇಕು. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಿಗೆ ಇರುಳುಗುರುಡು ಮೊದಲು ಬರುತ್ತದೆ, ನೋಟ ಕೊಳವೆಯಂತೆ ಕಿರಿದಾಗುತ್ತದೆ. ಅವರಿಗೆ ಸಂಜೆಯ ನಂತರದ ಪಾರ್ಕು ಕಷ್ಟ, ಬೆಳಗಿನದು ಸಲೀಸು. ಅಕ್ಷಿಪಟಲದ ಮಧ್ಯಭಾಗ ಸವೆದವರಿಗೆ ಎದುರಿನ ಮುಖವಾಗಲಿ ಹೋಟೆಲಿನ ಮೆನುವಾಗಲಿ ಕಾಣುವುದಿಲ್ಲ, ಆದರೆ ಅಂಚಿನ ನೋಟ ಉಳಿದಿರುವುದರಿಂದ ನಡಿಗೆಗೆ ಅಷ್ಟು ತೊಂದರೆಯಿಲ್ಲ. ಪೂರ್ತಿ ದೃಷ್ಟಿಯಿಲ್ಲದವರ ಯೋಜನೆ ಇವೆರಡಕ್ಕಿಂತಲೂ ಬೇರೆ. ನಿಮ್ಮ ಸಂದರ್ಭ ಯಾವುದೋ ಅದಕ್ಕೆ ತಕ್ಕಂತೆ ಮುಂದಿನದನ್ನು ಓದಿಕೊಳ್ಳಿ.

ಹಂತ 2: ಕಾಲವನ್ನು ಆರಿಸುವುದು

ಭಾರತದಿಂದ ಹೋಗುವವರಿಗೆ ಪ್ರವಾಸಿ ವೀಸಾ ಬೇಕು. ಸಂದರ್ಶನದ ದಿನ ಸಿಗುವ ಮೊದಲು ಹಣ ಹಿಂದಿರುಗದ ಬುಕಿಂಗ್ ಯಾವುದನ್ನೂ ಮಾಡಬೇಡಿ. ಅಮೆರಿಕದಲ್ಲಿ ಮಕ್ಕಳಿದ್ದು, ಅವರನ್ನು ನೋಡಲು ಹೋದಾಗ ನಡುವೆ ಒಂದು ವಾರ ಇಬ್ಬರೇ ಹೋಗಿಬರುವ ಯೋಚನೆಯಿದ್ದರೆ ಕೆಲಸ ಇನ್ನೂ ಹಗುರ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸೆಖೆ ಮಂಗಳೂರಿನ ಮೇ ತಿಂಗಳನ್ನು ನೆನಪಿಸುತ್ತದೆ. ಮಧ್ಯಾಹ್ನವಾದರೆ ಗುಡುಗು ಮಳೆ ಸಾಮಾನ್ಯ, ಚಂಡಮಾರುತದ ಅಧಿಕೃತ ಕಾಲವೂ ಜೂನ್ 1ರಿಂದ ನವೆಂಬರ್ 30ರ ತನಕ. ಕ್ರಿಸ್‌ಮಸ್ ವಾರದ ಜನಸಂದಣಿಯಲ್ಲಿ ಬಿಳಿಕೋಲು ಬೀಸಲು ಜಾಗವೇ ಇರುವುದಿಲ್ಲ. ಜನವರಿ ಕೊನೆಯ ಭಾಗ ತಂಪಾಗಿಯೂ ತೆರಪಾಗಿಯೂ ಇರುತ್ತದೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೇ. ಆದರೆ ಆಗ ಆರು ಗಂಟೆಯ ಸುಮಾರಿಗೇ ಸೂರ್ಯ ಮುಳುಗುತ್ತಾನೆ ಎಂಬುದು ಇರುಳುಗುರುಡು ಇರುವವರಿಗೆ ದೊಡ್ಡ ನಷ್ಟ. ಅಂಥವರಿಗೆ ಏಪ್ರಿಲ್ ಕೊನೆ ಅಥವಾ ಮೇ ಮೊದಲ ಭಾಗವೇ ಮೇಲೆಂದು ನನ್ನ ಅಭಿಪ್ರಾಯ; ಸಂಜೆ ಎಂಟರ ತನಕ ಬೆಳಕಿರುತ್ತದೆ, ಮಳೆಗಾಲ ಇನ್ನೂ ಶುರುವಾಗಿರುವುದಿಲ್ಲ. ಒಟ್ಟು ಆರು ರಾತ್ರಿ ಇಟ್ಟುಕೊಂಡು, ನಾಲ್ಕು ಪಾರ್ಕಿಗೆ ನಾಲ್ಕು ದಿನ ಕೊಟ್ಟು, ನಡುವೆ ಒಂದು ದಿನವನ್ನು ಖಾಲಿ ಬಿಡಿ. ಸದ್ದು ಮತ್ತು ಜನರ ನಡುವೆ ಕಿವಿಯಿಂದಲೇ ದಾರಿ ಹಿಡಿಯುವವರಿಗೆ ಆಗುವ ದಣಿವು ಕಾಲಿನ ದಣಿವಿಗಿಂತ ಹೆಚ್ಚಿನದು.

ಹಂತ 3: ರೆಸಾರ್ಟ್ ಮತ್ತು ಕೋಣೆ

ಇಡೀ ರಜೆಯ ಸುಖ ಬಹುಮಟ್ಟಿಗೆ ಈ ಒಂದು ಆಯ್ಕೆಯ ಮೇಲೆ ನಿಂತಿದೆ. ಡಿಸ್ನಿಯ ಹೋಟೆಲುಗಳನ್ನು ವ್ಯಾಲ್ಯೂ, ಮಾಡರೇಟ್, ಡಿಲಕ್ಸ್ ಎಂದು ದರದ ಪ್ರಕಾರ ವಿಂಗಡಿಸಿದ್ದಾರೆ; ದೃಷ್ಟಿ ಮಂದವಿರುವವರು ದರದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬೇಕು. ಕಟ್ಟಡ ಒಂದೇ ಗೋಪುರವೋ, ಹರಡಿಕೊಂಡ ಹಲವು ಕಟ್ಟಡಗಳೋ? ಅಲ್ಲಿಂದ ಪಾರ್ಕಿಗೆ ಬಸ್ಸಲ್ಲದೆ ಬೇರೆ ದಾರಿಯಿದೆಯೋ?

ಕಾಂಟೆಂಪರರಿ ಹೋಟೆಲಿನ ಮುಖ್ಯ ಗೋಪುರ ಈ ಎರಡಕ್ಕೂ ಚೆನ್ನಾಗಿ ಉತ್ತರಿಸುತ್ತದೆ. ಲಿಫ್ಟು, ಊಟದ ಜಾಗ, ಮಾನೋರೈಲು ನಿಲ್ದಾಣ ಎಲ್ಲವೂ ಒಂದೇ ಕಟ್ಟಡದೊಳಗಿದ್ದು, ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾಲುದಾರಿಯಲ್ಲೇ ನಡೆದು ಹೋಗಬಹುದು. ದರ ಮಾತ್ರ ಕಣ್ಣು ಕುಕ್ಕುವಂಥದ್ದು. ಬೋರ್ಡ್‌ವಾಕ್, ಬೀಚ್ ಕ್ಲಬ್, ಯಾಟ್ ಕ್ಲಬ್ ಹೋಟೆಲುಗಳಿಂದ ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ಎರಡಕ್ಕೂ ಕಾಲುದಾರಿ ಮತ್ತು ದೋಣಿಯಿದೆ. ಕಡಿಮೆ ದರದಲ್ಲಿ ನೋಡುವುದಾದರೆ ಪಾಪ್ ಸೆಂಚುರಿಯನ್ನು ಮೊದಲು ಪರಿಗಣಿಸಿ, ಏಕೆಂದರೆ ಅದರ ಅಂಗಳದಲ್ಲೇ 2019ರಲ್ಲಿ ಶುರುವಾದ ಸ್ಕೈಲೈನರ್ ಎಂಬ ಕೇಬಲ್ ಕಾರಿನ ನಿಲ್ದಾಣವಿದೆ. ಈ ಕಾರುಗಳು ನಿಲ್ದಾಣದಲ್ಲಿ ನಿಲ್ಲದೆ ನಿಧಾನವಾಗಿ ಚಲಿಸುತ್ತಲೇ ಇರುತ್ತವೆ. ಆದರೆ ಪೂರ್ತಿ ನಿಂತ ಕಾರನ್ನು ಹತ್ತಲು ಪ್ರತ್ಯೇಕ ಬದಿಯ ವ್ಯವಸ್ಥೆಯಿದ್ದು, ಸಿಬ್ಬಂದಿಗೆ ಹೇಳಿದರೆ ಅಲ್ಲಿಗೆ ಕರೆದೊಯ್ಯುತ್ತಾರೆ. ಸಿಡಿಲಿನ ಹೊತ್ತಿನಲ್ಲಿ ಸ್ಕೈಲೈನರ್ ನಿಲ್ಲಿಸುತ್ತಾರಾದ್ದರಿಂದ ಬಸ್ಸಿನ ದಾರಿಯನ್ನೂ ತಿಳಿದಿರಬೇಕು. ಕೆರಿಬಿಯನ್ ಬೀಚ್ ಸ್ಕೈಲೈನರ್‌ನ ಕೇಂದ್ರ ನಿಲ್ದಾಣವಾದರೂ, ಕೆರೆಯ ಸುತ್ತ ಹರಡಿರುವ ಕಟ್ಟಡಗಳ ನಡುವೆ ದಾರಿ ಮನಸ್ಸಿನಲ್ಲಿ ಕೂರಲು ಎರಡು ದಿನ ಹಿಡಿಯುತ್ತದೆ.

ಬುಕಿಂಗ್ ಮಾಡುವಾಗ ಸುಮ್ಮನೆ 'ಅಂಗವಿಕಲರ ಕೋಣೆ' ಎಂದು ಕೇಳಿಬಿಟ್ಟರೆ ಗಾಲಿಕುರ್ಚಿಯವರಿಗಾಗಿ ಮಾಡಿದ ಸ್ನಾನದ ಮನೆಯ ಕೋಣೆ ಸಿಗಬಹುದು, ಅದು ನಿಮಗೆ ಬೇಕಿಲ್ಲ. ನಿಜವಾಗಿ ಬೇಕಾದವರಿಗೆ ಅದು ತಪ್ಪಿಹೋಗುತ್ತದೆ. ಲಿಫ್ಟಿಗೆ ಅಥವಾ ವಾಹನ ನಿಲ್ದಾಣಕ್ಕೆ ಹತ್ತಿರದ, ಕಡಿಮೆ ತಿರುವುಗಳಿರುವ ಕೋಣೆ ಬೇಕೆಂದು ಕಾರಣ ಸಹಿತ ಬರೆಸಿ, ಹೊರಡುವ ವಾರದಲ್ಲಿ ಮತ್ತೊಮ್ಮೆ ಫೋನ್ ಮಾಡಿ ನೆನಪಿಸಿ.

ಹಂತ 4: ಟಿಕೆಟ್ ಮತ್ತು ಸರತಿ

ಟಿಕೆಟಿನ ದರ ದಿನಾಂಕಕ್ಕೆ ತಕ್ಕಂತೆ ಬದಲಾಗುತ್ತದೆ. ಅಂಗವೈಕಲ್ಯಕ್ಕೆಂದು ರಿಯಾಯಿತಿ ದರವಿಲ್ಲ. ಅಂಗವಿಕಲರಿಗೆ ನಮ್ಮ ಸರ್ಕಾರ ಕೊಡುವ ಯುಡಿಐಡಿ ಕಾರ್ಡ್ ಅಲ್ಲಿನ ಕೌಂಟರಿನಲ್ಲಿ ಉಪಯೋಗಕ್ಕೆ ಬಾರದು. ದಿನಕ್ಕೊಂದೇ ಪಾರ್ಕಿನ ಟಿಕೆಟ್ ಇಬ್ಬರಿಗೆ ಧಾರಾಳವಾಗಿ ಸಾಕು.

ಸರತಿಯ ವಿಷಯದಲ್ಲಿ ಹಳೆಯ ಪ್ರವಾಸಿಗರ ಮಾತನ್ನು ನಂಬಿ ಹೋಗಬೇಡಿ. ಉದ್ದನೆಯ ಸಾಲಿನಲ್ಲಿ ನಿಲ್ಲಲಾಗದವರಿಗಾಗಿ ಇರುವ ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್‌ನ ನಿಯಮವನ್ನು 2024ರಲ್ಲಿ ಬಿಗಿಗೊಳಿಸಿ, ಮುಖ್ಯವಾಗಿ ಆಟಿಸಂನಂತಹ ಬೆಳವಣಿಗೆಯ ತೊಂದರೆಯಿರುವವರಿಗೆ ಅದನ್ನು ಸೀಮಿತಗೊಳಿಸಿದ್ದಾರೆ. ದೃಷ್ಟಿದೋಷ ಒಂದೇ ಕಾರಣದಿಂದ ಅದು ಸಿಗುತ್ತದೆಂದು ಲೆಕ್ಕ ಹಾಕದಿರುವುದು ಒಳ್ಳೆಯದು. ಬದಲಿಗೆ ಹಣ ಕೊಟ್ಟು ಪಡೆಯುವ, ಬೇಗ ಸಾಗುವ ಲೈಟ್ನಿಂಗ್ ಲೇನ್ ಎಂಬ ಬೇರೆ ಸಾಲಿದೆ. ಡಿಸ್ನಿ ಹೋಟೆಲಿನಲ್ಲಿ ಉಳಿಯುವವರು ತಂಗುವ ದಿನಕ್ಕೆ ಏಳು ದಿನ ಮೊದಲೇ, ಹೊರಗೆ ಉಳಿಯುವವರು ಮೂರು ದಿನ ಮೊದಲು ಇದನ್ನು ಕಾಯ್ದಿರಿಸಬಹುದು. ಅಂಕುಡೊಂಕಾದ ಕಂಬಿಗಳ ನಡುವೆ ಹೆಜ್ಜೆ ಹೆಜ್ಜೆಗೂ ತಿರುಗುವ ಸಾಲು ಕೋಲು ಹಿಡಿದವರಿಗೆ ಎಲ್ಲಕ್ಕಿಂತ ಬೇಸರದ ಜಾಗ, ಆದ್ದರಿಂದ ಮ್ಯಾಜಿಕ್ ಕಿಂಗ್‌ಡಮ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ನ ದಿನಗಳಿಗಾದರೂ ಈ ಖರ್ಚು ಮಾಡಿ. ಇದಲ್ಲದೆ ಹೋಟೆಲಿನ ಅತಿಥಿಗಳಿಗೆ ಪ್ರತಿದಿನ ಅರ್ಧ ಗಂಟೆ ಮುಂಚಿತ ಪ್ರವೇಶ ಉಚಿತವಾಗಿದೆ. ಜನ ತುಂಬುವ ಮೊದಲಿನ ಆ ಅರ್ಧ ಗಂಟೆಯನ್ನು ಕಳೆದುಕೊಳ್ಳಬಾರದು.

ಹಂತ 5: ಫೋನು, ಚೀಲ, ಪ್ರಯಾಣ

ಡಿಸ್ನಿಯ ಆಪ್ ಅನ್ನು ಮನೆಯಲ್ಲೇ ಹಾಕಿಕೊಂಡು, ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಅಥವಾ ಟಾಕ್‌ಬ್ಯಾಕ್‌ನೊಂದಿಗೆ ಬಳಸಿ ಕೈ ಪಳಗಿಸಿಕೊಳ್ಳಿ. ಕಾಯ್ದಿರಿಸುವ ಹೊಣೆಯನ್ನು ದೃಷ್ಟಿ ಮಂದವಿರುವವರೇ ವಹಿಸಿಕೊಂಡರೆ ಬಹಳ ಒಳ್ಳೆಯದು; ಒಬ್ಬರು ದಾರಿ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ವೇಳೆಯನ್ನು ನೋಡಿಕೊಳ್ಳುತ್ತಾರೆ. ಫಲಕ ಓದಿಸಲು ಸೀಯಿಂಗ್ ಎಐ ಅಥವಾ ಗೂಗಲ್ ಲುಕ್‌ಔಟ್, ಒಬ್ಬರೇ ಇರುವಾಗ ಕಣ್ಣಿರುವ ಸ್ವಯಂಸೇವಕರಿಗೆ ವಿಡಿಯೋ ಕರೆ ಮಾಡಲು ಬಿ ಮೈ ಐಸ್ ಇರಲಿ.

ಚೀಲದಲ್ಲಿ ಮಡಚುವ ಕೋಲಿನ ಜೊತೆಗೆ ಇನ್ನೊಂದು ಬದಲಿ ಕೋಲು, ಅಗಲ ಅಂಚಿನ ಟೋಪಿ, ಪ್ರಖರ ಬೆಳಕು ತಡೆಯುವ ಕನ್ನಡಕ, ಕನ್ನಡಕಕ್ಕೆ ದಾರ, ಕೆಲವು ರಬ್ಬರ್ ಬ್ಯಾಂಡ್ ಇಟ್ಟುಕೊಳ್ಳಿ. ಸ್ವಲ್ಪ ನೋಟ ಉಳಿದಿರುವವರಿಗೆ ಒಂಟಿಗಣ್ಣಿನ ಕಿರು ದೂರದರ್ಶಕ ಸಫಾರಿಯಲ್ಲಿ ಕೆಲಸಕ್ಕೆ ಬರುತ್ತದೆ. ಕಣ್ಣಿನ ಹನಿಗಳು ಚೀಟಿಯ ಸಮೇತ ಕೈಚೀಲದಲ್ಲೇ ಇರಬೇಕು. ತಂಪಿನಲ್ಲಿಡಬೇಕಾದ ಔಷಧಿಯನ್ನು ಪ್ರತಿ ಪಾರ್ಕಿನ ಪ್ರಥಮ ಚಿಕಿತ್ಸಾ ಕೇಂದ್ರದಲ್ಲಿ ಇರಿಸಿಕೊಳ್ಳುತ್ತಾರೆ. ಬೆಂಗಳೂರಿನಿಂದ ಡಿಸ್ನಿ ವರ್ಲ್ಡ್‌ಗೆ ಹತ್ತಿರದ ಒರ್ಲ್ಯಾಂಡೋಗೆ ನೇರ ವಿಮಾನವಿಲ್ಲದ ಕಾರಣ ನಡುವೆ ವಿಮಾನ ಬದಲಿಸಬೇಕು. ಕನಿಷ್ಠ 48 ಗಂಟೆ ಮೊದಲು ಸಹಾಯಕ್ಕೆ ಬರೆಸಿ, 'ಗಾಲಿಕುರ್ಚಿ ಬೇಡ, ಜೊತೆಗೆ ನಡೆಯುವವರು ಬೇಕು' ಎಂದು ಬಿಡಿಸಿ ಹೇಳಿ. ಹೇಳದಿದ್ದರೆ ಗಾಲಿಕುರ್ಚಿಯೇ ಬಂದು ನಿಲ್ಲುತ್ತದೆ.

ಹಂತ 6: ಮೊದಲ ಸಂಜೆ ಹೋಟೆಲನ್ನು ಕಲಿಯುವುದು

ತಲುಪಿದ ದಿನ ಪಾರ್ಕಿಗೆ ಹೋಗಬೇಡಿ. ಬಾಗಿಲ ಹಿಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಒಂದೇ ತರಹದ ಬಾಗಿಲುಗಳ ಸಾಲಿನಲ್ಲಿ ನಿಮ್ಮದು ಕೈಗೆ ಸಿಗುತ್ತದೆ. ಶ್ಯಾಂಪೂ ಬಾಟಲಿಗೆ ಒಂದು, ಕಂಡೀಷನರ್‌ಗೆ ಎರಡು ಬ್ಯಾಂಡ್ ಹಾಕಿ. ಕೋಣೆಯಿಂದ ಲಿಫ್ಟಿಗೆ, ಲಿಫ್ಟಿನಿಂದ ಊಟದ ಜಾಗಕ್ಕೆ, ಅಲ್ಲಿಂದ ನಿಲ್ದಾಣಕ್ಕೆ ಎರಡೆರಡು ಸಲ ನಡೆಯಿರಿ. ಎರಡನೆಯ ಸಲ ದೃಷ್ಟಿ ಮಂದವಿರುವವರು ಮುಂದೆ, ಇನ್ನೊಬ್ಬರು ಬಾಯಿಮುಚ್ಚಿಕೊಂಡು ಹಿಂದೆ. ಕಾಫಿ ತರಲು ಒಬ್ಬರೇ ಹೋಗಿಬರುವ ಸ್ವಾತಂತ್ರ್ಯ ಈ ಅರ್ಧ ಗಂಟೆಯಿಂದ ದಕ್ಕುತ್ತದೆ.

ಹಂತ 7: ಪಾರ್ಕಿನೊಳಗೆ

ಒಳಗೆ ಕಾಲಿಟ್ಟ ಕೂಡಲೇ ಗೆಸ್ಟ್ ರಿಲೇಷನ್ಸ್ ಕಚೇರಿಗೆ ಹೋಗಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅದು ಮೇನ್ ಸ್ಟ್ರೀಟ್‌ನ ಸಿಟಿ ಹಾಲ್‌ನಲ್ಲಿದೆ. ಇಲ್ಲಿ ಕೈಯಲ್ಲಿ ಹಿಡಿಯುವ ಒಂದು ಸಾಧನ ಕೊಡುತ್ತಾರೆ. ಆಯ್ದ ಪ್ರದರ್ಶನಗಳಲ್ಲಿ ಮಾತಿನ ಬಿಡುವುಗಳ ನಡುವೆ ವೇದಿಕೆಯ ಮೇಲೆ ಏನು ನಡೆಯುತ್ತಿದೆ ಎಂಬುದನ್ನೂ, ಹೊರಗೆ ನಡೆಯುವಾಗ ಸುತ್ತ ಏನಿದೆ ಎಂಬುದನ್ನೂ ಅದು ಕಿವಿಯಲ್ಲಿ ವಿವರಿಸುತ್ತದೆ. ಸಾಧನಕ್ಕೆ ಬಾಡಿಗೆಯಿಲ್ಲ, 25 ಡಾಲರ್ ಠೇವಣಿ ಇಡಬೇಕು, ಅದೇ ದಿನ ಹಿಂದಿರುಗಿಸಿದರೆ ಠೇವಣಿ ವಾಪಸು. ಬ್ರೈಲ್ ಕೈಪಿಡಿಯೂ ಇಲ್ಲೇ ಸಿಗುತ್ತದೆ, ಬ್ರೈಲ್ ನಕ್ಷೆಗಳನ್ನು ಪಾರ್ಕಿನೊಳಗೆ ನಿಲ್ಲಿಸಿದ್ದಾರೆ. ಒಂದು ಎಚ್ಚರಿಕೆ: ಭಾರತಿ ಬ್ರೈಲ್‌ನಲ್ಲಿ ಕನ್ನಡ ಓದಲು ಕಲಿತವರಿಗೆ ಚುಕ್ಕೆಗಳು ಪರಿಚಿತವೇ ಆದರೂ, ಅಮೆರಿಕದ ಇಂಗ್ಲಿಷ್ ಬ್ರೈಲ್ ಸಾಮಾನ್ಯವಾಗಿ ಸಂಕ್ಷೇಪಗಳಿಂದ ತುಂಬಿರುತ್ತದೆ. ಅದರ ಅಭ್ಯಾಸವಿಲ್ಲದವರಿಗೆ ಕಿವಿಯ ಸಾಧನವೇ ಅನುಕೂಲ.

ನಡೆಯುವಾಗ ದೃಷ್ಟಿ ಮಂದವಿರುವವರೇ ಸಂಗಾತಿಯ ಮೊಣಕೈಯ ಮೇಲ್ಭಾಗವನ್ನು ಹಿಡಿದು ಅರ್ಧ ಹೆಜ್ಜೆ ಹಿಂದಿರಬೇಕು. ಅವರ ಕೈ ಹಿಡಿದು ಮುಂದಕ್ಕೆ ತಳ್ಳುವುದು ನಮ್ಮಲ್ಲಿ ಬಹಳ ರೂಢಿಯಲ್ಲಿರುವ ತಪ್ಪು. ಇಕ್ಕಟ್ಟು ಬಂದರೆ ಮುಂದಿರುವವರು ತೋಳನ್ನು ಬೆನ್ನ ಹಿಂದಕ್ಕೆ ತಂದರೆ ಸಾಕು, ಹಿಂದಿನವರಿಗೆ ತಿಳಿಯುತ್ತದೆ. ಮೆಟ್ಟಿಲು ಬಂದಾಗ 'ನೋಡಿಕೊಂಡು' ಎನ್ನದೆ 'ಮೇಲಕ್ಕೆ ಮೂರು' ಎಂದು ಹೇಳಿ.

ರೈಡಿನ ಬಾಗಿಲಲ್ಲಿ ಸಿಬ್ಬಂದಿಗೆ ಮೂರು ಸಂಗತಿ ಹೇಳಿ, ಕೇಳಿ: ಕಣ್ಣು ಕಾಣದು, ಹತ್ತಲು ಸ್ವಲ್ಪ ಹೊತ್ತು ಬೇಕು, ಕೋಲನ್ನು ಎಲ್ಲಿ ಇಡಬೇಕು? ಹಾಂಟೆಡ್ ಮ್ಯಾನ್ಷನ್‌ನಂತಹ ರೈಡುಗಳಲ್ಲಿ ಆಸನಗಳೂ ಕಾಲಡಿಯ ಪಟ್ಟಿಯೂ ನಿಲ್ಲದೆ ಚಲಿಸುತ್ತವೆ. ಮೊದಲೇ ಕೇಳಿದರೆ ವೇಗ ತಗ್ಗಿಸುತ್ತಾರೆ, ಹತ್ತುವ ಕ್ಷಣದಲ್ಲಿ ಕೂಗಿದರೆ ಆಗದು. ಆಸನವನ್ನು ಮೊದಲು ಕೈಯಿಂದ ಮುಟ್ಟಿಸಿ, ಸುರಕ್ಷಾ ಪಟ್ಟಿ ಯಾವ ದಿಕ್ಕಿನಿಂದ ಬರುತ್ತದೆಂದು ಹೇಳಿ, ಅಷ್ಟಾದ ಮೇಲೆ ಕೂರಿಸಿ. ಬಿಸಿಲಿನಿಂದ ಒಮ್ಮೆಲೇ ಕತ್ತಲ ಸಾಲಿಗೆ ಇಳಿದಾಗ ಉಳಿದ ನೋಟವೂ ಕೆಲ ನಿಮಿಷ ಕೈಕೊಡುತ್ತದೆ. ಗೋಡೆಯ ಪಕ್ಕಕ್ಕೆ ಸರಿದು ನಿಂತು ಹಿಂದಿನವರನ್ನು ಮುಂದೆ ಬಿಡಿ.

ಹಂತ 8: ಯಾವುದನ್ನು ಆರಿಸುವುದು

ಮ್ಯಾಜಿಕ್ ಕಿಂಗ್‌ಡಮ್‌ನ ಸ್ಪೇಸ್ ಮೌಂಟನ್ 1975ರಿಂದಲೂ ಕತ್ತಲೆಯೊಳಗೆ ಓಡುವ ರೋಲರ್ ಕೋಸ್ಟರ್. ಮುಂದಿನ ತಿರುವು ಯಾವ ಕಡೆಗೆಂದು ಅಲ್ಲಿ ಯಾರಿಗೂ ಕಾಣುವುದಿಲ್ಲ, ಗಂಡಹೆಂಡಿರಿಬ್ಬರೂ ಸಮಸಮ. ವೈದ್ಯರು ಒಪ್ಪಿದ್ದರೆ ಇದನ್ನು ಬಿಡಬಾರದು. ಫಿಲ್‌ಹಾರ್‌ಮ್ಯಾಜಿಕ್ ಹೆಸರಿಗೆ ಮೂರು ಆಯಾಮದ ಚಿತ್ರ. ಆದರೆ ಸಂಗೀತ, ಗಾಳಿ, ನೀರ ಹನಿ, ಕಡುಬಿನ ಘಮ ಎಲ್ಲವೂ ಇರುವುದರಿಂದ ಚಿತ್ರವಿಲ್ಲದೆಯೂ ನಡೆಯುತ್ತದೆ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ ರೂಪಿಸಿದ ಕರೂಸಲ್ ಆಫ್ ಪ್ರೋಗ್ರೆಸ್ ಬಹುಮಟ್ಟಿಗೆ ರೇಡಿಯೋ ನಾಟಕವೇ: ಒಂದು ಮನೆಯವರ ಮಾತಿನಲ್ಲಿ ವಿದ್ಯುತ್ತಿನ ಕಥೆ ಸಾಗುತ್ತದೆ, ದೃಶ್ಯ ಮುಗಿದಾಗ ಪ್ರೇಕ್ಷಕರು ಕುಳಿತ ಅಂಗಳವೇ ತಿರುಗುತ್ತದೆ. ಅಂಥದ್ದು ಹಳೆಯದಾಯಿತೆಂದು ಮೂಗು ಮುರಿಯುವವರಿದ್ದಾರೆ, ಅವರ ಮಾತು ಕೇಳಬೇಡಿ.

ಎಪ್ಕಾಟ್‌ನ ಸೋರಿನ್‌ನಲ್ಲಿ ಕಾಲು ಇಳಿಬಿಟ್ಟು ಗಾಳಿಯಲ್ಲಿ ತೇಲುವಾಗ ದೃಶ್ಯಕ್ಕೆ ತಕ್ಕ ಪರಿಮಳ ಬೀಸುತ್ತದೆ. ಸ್ಪೇಸ್‌ಶಿಪ್ ಅರ್ಥ್ ಎಂಬ ರೈಡಿನಲ್ಲಿ ರೋಮ್ ಉರಿಯುವ ಭಾಗಕ್ಕೆ ಬಂದಾಗ ಸುಟ್ಟ ವಾಸನೆ. ಸರೋವರದ ಸುತ್ತ ಸುಮಾರು ಎರಡು ಕಿಲೋಮೀಟರ್ ದಾರಿಯಲ್ಲಿ ಹನ್ನೊಂದು ದೇಶಗಳ ಮಂಟಪಗಳಿವೆ. ಜಪಾನಿನ ಡೋಲು, ಜರ್ಮನಿಯ ಅಂಗಡಿಯಿಂದ ಬರುವ ಕಾಯಿಸಿದ ಸಕ್ಕರೆಯ ಘಮ, ಒಂದೊಂದು ದೇಶಕ್ಕೂ ಬೇರೆಯಾಗುವ ಸಂಗೀತ ಇವುಗಳಿಂದ ಯಾವ ಮಂಟಪದ ಮುಂದಿದ್ದೇವೆಂದು ಹೆಚ್ಚುಕಡಿಮೆ ಹೇಳಬಹುದು. ಊಹಿಸುವ ಪಂದ್ಯ ಕಟ್ಟಿದರೆ ಕಣ್ಣಿರುವವರಿಗೂ ಕಣ್ಣು ಮುಚ್ಚುವ ಆಸೆಯಾಗುತ್ತದೆ. ಈ ಹನ್ನೊಂದರಲ್ಲಿ ಭಾರತವಿಲ್ಲ.

ನಮ್ಮ ಕಡೆಯ ವಾಸನೆ ಬೇಕಾದವರು ಅನಿಮಲ್ ಕಿಂಗ್‌ಡಮ್‌ನ ಏಷ್ಯಾ ಭಾಗಕ್ಕೆ ಹೋಗಬೇಕು. ಅಲ್ಲಿ ಆನಂದಪುರವೆಂಬ ಕಲ್ಪಿತ ರಾಜ್ಯವನ್ನೇ ಕಟ್ಟಿದ್ದಾರೆ. ಅಲ್ಲಿನ ಎಕ್ಸ್‌ಪಿಡಿಷನ್ ಎವರೆಸ್ಟ್ ಎಂಬ ರೋಲರ್ ಕೋಸ್ಟರ್ ನಡುದಾರಿಯಲ್ಲಿ ಹಿಮ್ಮುಖವಾಗಿ ಓಡುತ್ತದೆಂದು ಮೊದಲೇ ಹೇಳಿಟ್ಟಿರಿ. ಕಿಲಿಮಂಜಾರೋ ಸಫಾರಿಯ ಪ್ರಾಣಿಗಳು ದೂರದಲ್ಲಿರುತ್ತವೆ, ಚಾಲಕರ ವಿವರಣೆ ಮತ್ತು ಗಾಡಿಯ ಕುಲುಕಾಟವೇ ಮುಖ್ಯವಾಗುತ್ತದೆ. ಅದಕ್ಕಿಂತ ಲಯನ್ ಕಿಂಗ್ ಉತ್ಸವದ ಹಾಡುಗಾರರು ಹೆಚ್ಚು ಹತ್ತಿರ. ಫ್ಲೈಟ್ ಆಫ್ ಪ್ಯಾಸೇಜ್ ರೈಡಿನಲ್ಲಿ ನೀವು ಏರಿ ಕುಳಿತ ಪ್ರಾಣಿ ಉಸಿರಾಡುವುದು ಕಾಲುಗಳ ನಡುವೆ ತಿಳಿಯುತ್ತದೆ, ಪರದೆ ಕಾಣದಿದ್ದರೂ ಅಷ್ಟು ಸಾಕು.

ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಟವರ್ ಆಫ್ ಟೆರರ್ ರೈಡಿನ ಬೀಳುವಿಕೆ ದೇಹಕ್ಕೆ ಸಂಬಂಧಿಸಿದ್ದು, ಕಣ್ಣಿಗಲ್ಲ. ರೈಸ್ ಆಫ್ ದಿ ರೆಸಿಸ್ಟೆನ್ಸ್ ಎಂಬ ರೈಡ್ ಮಾತ್ರ ಕತ್ತಲಲ್ಲಿ ಕೋಣೆಯಿಂದ ಕೋಣೆಗೆ ನಡೆಸುತ್ತದೆ ಮತ್ತು ಬಹುಪಾಲು ನೋಟವನ್ನೇ ನೆಚ್ಚಿದೆ. ವೇಷಧಾರಿ ಪಾತ್ರಗಳ ಭೇಟಿಗೆ ಹೋಗುವಾಗ ಜೊತೆಯ ಸಿಬ್ಬಂದಿಗೆ ಮೊದಲೇ ಹೇಳಿ, ಉಡುಪನ್ನು ಮುಟ್ಟಿ ನೋಡಲು ಅವಕಾಶ ಕೇಳಿ. ಯಾವ ರೈಡ್ ದುರಸ್ತಿಗಾಗಿ ಮುಚ್ಚಿದೆ ಎಂದು ಹೊರಡುವ ವಾರ ಆಪ್‌ನಲ್ಲಿ ನೋಡಿಕೊಳ್ಳಿ.

ಹಂತ 9: ಊಟ

ಕುಳಿತು ಉಣ್ಣುವ ಹೋಟೆಲುಗಳನ್ನು 60 ದಿನ ಮೊದಲೇ ಕಾಯ್ದಿರಿಸಬಹುದು. ಬಫೆಗಿಂತ ಮೇಜಿಗೆ ತಂದು ಬಡಿಸುವ ಜಾಗಗಳು ಸುಖ. ಸಸ್ಯಾಹಾರಿಗಳು ಒಂದು ಮಧ್ಯಾಹ್ನವನ್ನು ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಹೋಟೆಲಿಗೆ ಮೀಸಲಿಡಲಿ. ಭಾರತ ಮತ್ತು ಆಫ್ರಿಕಾದ ಅಡುಗೆ ಕೂಡಿದ ಅಲ್ಲಿನ ಬ್ರೆಡ್ ಸರ್ವಿಸ್‌ನಲ್ಲಿ ನಾನ್ ಮೊದಲಾದ ಐದು ಬಗೆಯ ರೊಟ್ಟಿಗಳ ಜೊತೆ ಚಟ್ನಿ, ರಾಯಿತ, ಉಪ್ಪಿನಕಾಯಿಯಂತಹ ಒಂಬತ್ತು ನಂಚಿಕೆಗಳು ಬರುತ್ತವೆ. ಬಟ್ಟಲುಗಳ ಜಾಗವನ್ನು ಗಡಿಯಾರದ ಮುಳ್ಳಿನಂತೆ ಹೇಳಿ: 'ಹನ್ನೆರಡಕ್ಕೆ ರಾಯಿತ, ಮೂರಕ್ಕೆ ಖಾರ.' ಖಾರದ ಜಾಗವನ್ನು ತಪ್ಪಾಗಿ ಹೇಳಿದರೆ ಇಡೀ ದಿನ ಮಾತು ಕೇಳಬೇಕಾಗುತ್ತದೆ. ಪಾರ್ಕಿನೊಳಗಿನ ತಿಂಡಿಯನ್ನು ಆಪ್‌ನಲ್ಲೇ ತರಿಸಿಕೊಂಡರೆ ಗೋಡೆಯ ಮೇಲಿನ ಮೆನು ಓದುವ ಗೋಜಿಲ್ಲ.

ಹಂತ 10: ರಾತ್ರಿ

ಪಟಾಕಿಯ ಪ್ರದರ್ಶನವನ್ನು ನೋಟವಿಲ್ಲದೆಯೂ ಸವಿಯಬಹುದು, ಎದೆಗೆ ತಟ್ಟುವ ಸದ್ದು ಮತ್ತು ಹಾಡುಗಳಿಗಾಗಿಯಾದರೂ ಒಂದು ರಾತ್ರಿ ನಿಲ್ಲಿ. ಗುಂಪಿನ ನಡುವೆ ನಿಲ್ಲದೆ ಮೇನ್ ಸ್ಟ್ರೀಟ್‌ನ ಅಂಗಡಿಯೊಂದರ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ಕ್ಷೇಮ. ಕೈ ತಪ್ಪಿದರೆ ಇಬ್ಬರೂ ಹುಡುಕಲು ಹೊರಡಬಾರದು. ದೃಷ್ಟಿ ಮಂದವಿರುವವರು ನಿಂತ ಜಾಗದಲ್ಲೇ ಗೋಡೆ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಫೋನ್ ಮಾಡಿ ಬರಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಪ್ರದರ್ಶನ ಮುಗಿದ ಕೂಡಲೇ ಸಾವಿರಾರು ಜನ ತಳ್ಳುಗಾಡಿಗಳೊಂದಿಗೆ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಅಂಗಡಿಯೊಳಗೆ ಅರ್ಧ ಗಂಟೆ ಸರಕುಗಳನ್ನು ಮುಟ್ಟಿ ನೋಡುತ್ತ ಕಳೆದು, ದಾರಿ ತೆರಪಾದ ಮೇಲೆ ಸಿಟಿ ಹಾಲ್‌ನಲ್ಲಿ ಸಾಧನ ಕೊಟ್ಟು, ಠೇವಣಿಯ 25 ಡಾಲರ್ ಹಿಂದಕ್ಕೆ ಪಡೆದು ಹೊರಡಿ.